ಕುಂಪಣಿಯ ವಹಿಯೂ ಕನ್ನಡದ ಮೇರೆಯೂ

ತೆಲುಗು ನಾಡಿಗೆ ಮಗ್ಗುಲಾಗಿರುವ ಯಾದಗಿರಿ ಸೀಮೆಯ ಕೊಂಕಲ್ ಗ್ರಾಮದಲ್ಲಿ ಒಂದು ಸಂಜೆ ಕಟ್ಟೆಯ ಮೇಲೆ ಮಾತು ನಡೆದಿತ್ತು. ಸುರಪುರದ ನಾಯಕ ಸಂಸ್ಥಾನವನ್ನು ಇಂಗ್ಲಿಷರು 1860ರಲ್ಲಿ ನಿಜಾಮನಿಗೆ ಇನಾಮಾಗಿ ಕೊಟ್ಟ ಸಂಗತಿಯನ್ನು ನಾವು ಹೇಳುತ್ತಿರಲು, ಅಕ್ಷರ ಕಲಿಯದ ಹಿರಿಯರೊಬ್ಬರು ನಡುವೆ ತಡೆದು, “ಅಲ್ರೀ, ಕೊಡ್ಲಾಕ ಅದೇನ್ ಅವರಪ್ಪನ ಹೊಲ ಏನ್ರಿ?” ಎಂದು ಕೇಳಿದರು. ಕುಳಿತವರೆಲ್ಲ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಕರಾರುಪತ್ರಗಳನ್ನೂ ಇತಿಹಾಸ ಗ್ರಂಥಗಳನ್ನೂ ಓದಿದ ನಾವು ಎಂದೂ ಇಷ್ಟು ನೇರವಾಗಿ ಕೇಳಿಕೊಳ್ಳದ ಪ್ರಶ್ನೆಯನ್ನು ಆ ಒಕ್ಕಲಿಗರು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದರು.

ಈ ಪ್ರಶ್ನೆಗೆ ಸುರಪುರದಲ್ಲಿಯೇ ಉತ್ತರವನ್ನು ಹುಡುಕಿದರೆ ದೊರೆಯದು. ಕೊಟ್ಟವರು ಇಂಗ್ಲಿಷ್ ಸರಕಾರದವರು. ಆ ಸರಕಾರಕ್ಕೆ ಇಲ್ಲಿಯ ಅಧಿಕಾರವು ಬಂದುದು ಒಂದು ವ್ಯಾಪಾರಿ ಕುಂಪಣಿಯಿಂದ. ವ್ಯಾಪಾರಿಯ ಕೈಗೆ ನಾಡು ಹೇಗೆ ಬರುತ್ತದೆ, ಬಂದ ನಾಡು ಅವನ ವಹಿಯಲ್ಲಿ ಹೇಗೆ ಸರಕಾಗಿ ಮಾರ್ಪಡುತ್ತದೆ ಎಂಬುದನ್ನು ತಿಳಿದ ಹೊರತು ಕನ್ನಡ ನಾಡು ಒಡೆದ ಬಗೆಯು ತಿಳಿಯದು. ನಮ್ಮ ನಾಡಿನ ಕಥೆಯು ಬಹಳ ಸಿಕ್ಕುಸಿಕ್ಕಾದುದು. ಅದೇ ಕಾಲದಲ್ಲಿ, ಅದೇ ಲಂಡನ್ ಪಟ್ಟಣದಲ್ಲಿ ಹುಟ್ಟಿದ ಇನ್ನೊಂದು ಕುಂಪಣಿಯ ಕಥೆಯು ಹೆಚ್ಚು ಸರಳವಾಗಿದೆ. ಅದು ನಡೆದುದು ಉತ್ತರ ಅಮೇರಿಕೆಯ ಹಿಮದ ಸೀಮೆಯಲ್ಲಿ. ಅಲ್ಲಿಯ ಸರಕು ಮೆಣಸೂ ಅಲ್ಲ, ಅರಳೆಯೂ ಅಲ್ಲ, ಕಾಡುಪ್ರಾಣಿಗಳ ತುಪ್ಪಳ. ಮೊದಲು ಅದನ್ನು ನೋಡಿ, ಆ ಬಳಿಕ ಮನೆಗೆ ಮರಳೋಣ.

ಹದಿನೇಳನೆಯ ಶತಮಾನದಲ್ಲಿ ಯುರೋಪಿನ ಸಿರಿವಂತರು ಧರಿಸುತ್ತಿದ್ದ ಟೊಪ್ಪಿಗೆಗಳಿಗೆ ಬೀವರ ಎಂಬ ಪ್ರಾಣಿಯ ತುಪ್ಪಳವೇ ಶ್ರೇಷ್ಠವೆಂದು ಎಣಿಸಲ್ಪಟ್ಟಿತ್ತು. ಮರದ ಕೊಂಬೆಗಳಿಂದ ಹಳ್ಳಕೊಳ್ಳಗಳಿಗೆ ಒಡ್ಡು ಕಟ್ಟಿಕೊಂಡು ಬಾಳುವ ಈ ಪ್ರಾಣಿಯು ಯುರೋಪಿನಲ್ಲಿ ಬೇಟೆಗೆ ಸಿಕ್ಕು ಬಹುಮಟ್ಟಿಗೆ ಅಳಿದುಹೋಗಿತ್ತು. ಅಮೇರಿಕೆಯ ಉತ್ತರ ಭಾಗದಲ್ಲಿ ಹೇರಳವಾಗಿತ್ತು. ಸೇಂಟ್ ಲಾರೆನ್ಸ್ ನದಿಯ ದಾರಿಯಿಂದ ಬಂದ ಫ್ರೆಂಚರು ಈ ವ್ಯಾಪಾರವನ್ನು ಮೊದಲೇ ಹಿಡಿದುಕೊಂಡಿದ್ದರು. ಅವರಲ್ಲಿಯೇ ರಾಡಿಸನ್ ಮತ್ತು ಗ್ರೊಸೆಯೆ ಎಂಬ ಇಬ್ಬರು, ತಮ್ಮ ಅಧಿಕಾರಿಗಳೊಡನೆ ಮನಸ್ಸು ಮುರಿದುಕೊಂಡು ಇಂಗ್ಲೆಂಡಿಗೆ ಹೋಗಿ, ಉತ್ತರದ ಹಡ್ಸನ್ ಕೊಲ್ಲಿಯಿಂದ ನುಗ್ಗಿದರೆ ತುಪ್ಪಳದ ಸೀಮೆಯು ಹತ್ತಿರವೆಂದು ತಿಳಿಸಿದರು. 1668ರಲ್ಲಿ ಹೊರಟ ನಾನ್‌ಸಚ್ ಎಂಬ ಹಡಗವು ಮರುವರ್ಷ ತುಪ್ಪಳದ ಸರಕಿನೊಡನೆ ಲಂಡನ್ನಿಗೆ ಮರಳಿತು. 1670ನೆಯ ಇಸವಿ ಮೇ 2ರಂದು ಎರಡನೆಯ ಚಾರ್ಲ್ಸ್ ದೊರೆಯು ಹಡ್ಸನ್ ಕೊಲ್ಲಿಯ ಕುಂಪಣಿಗೆ ಸನದನ್ನು ಬರೆದುಕೊಟ್ಟನು.

ಆ ಸನದಿನ ಒಕ್ಕಣೆಯನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಹಡ್ಸನ್ ಕೊಲ್ಲಿಗೆ ನೀರು ಸುರಿಸುವ ನದಿಗಳು ಎಷ್ಟು ದೂರದಿಂದ ಹರಿದು ಬರುವವೋ ಅಷ್ಟು ನೆಲವೆಲ್ಲ ಕುಂಪಣಿಯದು. ವ್ಯಾಪಾರದ ಏಕಸ್ವಾಮ್ಯವೂ ಅದರದೇ, ಕಾಯಿದೆ ಮಾಡುವ ಅಧಿಕಾರವೂ ಅದರದೇ. ದೊರೆಯ ಬಂಧುವೂ ಕುಂಪಣಿಯ ಮೊದಲ ಮುಖ್ಯಸ್ಥನೂ ಆದ ರೂಪರ್ಟ್ ರಾಜಕುಮಾರನ ಹೆಸರಿನಿಂದ ಅದಕ್ಕೆ ರೂಪರ್ಟನ ನಾಡೆಂದು ನಾಮಕರಣವಾಯಿತು. ಇಂದಿನ ಕೆನಡಾ ದೇಶದ ಮೂರರಲ್ಲೊಂದು ಪಾಲಿಗೂ ಮಿಕ್ಕಿದ ಆ ನೆಲವನ್ನು ಕೊಟ್ಟ ದೊರೆಯಾಗಲಿ, ಪಡೆದ ಪಾಲುಗಾರರಲ್ಲಿ ಹೆಚ್ಚಿನವರಾಗಲಿ ಕಣ್ಣಿನಿಂದ ಕಂಡಿರಲಿಲ್ಲ. ಇದಕ್ಕೆ ಪ್ರತಿಯಾಗಿ ಕುಂಪಣಿಯು ಸಲ್ಲಿಸಬೇಕಾದುದೇನು? ದೊರೆಯು ಆ ಸೀಮೆಗೆ ದಯಮಾಡಿಸಿದಾಗಲೆಲ್ಲ ಎರಡು ಕಡವೆಗಳು, ಎರಡು ಕಪ್ಪು ಬೀವರಗಳು!

ಇದೇ ದೊರೆಯು ಎರಡು ವರ್ಷ ಮೊದಲು, 1668ರಲ್ಲಿ, ತನ್ನ ಪೋರ್ತುಗೀಜ ರಾಣಿಯ ಬಳುವಳಿಯಾಗಿ ಬಂದಿದ್ದ ಮುಂಬಯಿ ದ್ವೀಪವನ್ನು ವರ್ಷಕ್ಕೆ 10 ಪೌಂಡುಗಳ ಬಾಡಿಗೆಗೆ ಈಸ್ಟ್ ಇಂಡಿಯಾ ಕುಂಪಣಿಗೆ ವಹಿಸಿಕೊಟ್ಟಿದ್ದನು. ಒಂದೇ ಲೇಖಣಿಯ ಎರಡು ಗೀಟುಗಳಿವು. ಒಂದು ಗೀಟಿನಿಂದ ಕ್ರೀ ಮೊದಲಾದ ಜನಾಂಗಗಳ ಕಾಡು ಹೋಯಿತು. ಇನ್ನೊಂದು ಗೀಟಿನಿಂದ ನೆಲೆಯೂರಿದ ಮುಂಬಯಿಯ ಅಧಿಕಾರವು ಒಂದೂವರೆ ಶತಮಾನದ ಬಳಿಕ ಬೆಳಗಾವಿ, ಧಾರವಾಡ, ವಿಜಾಪುರಗಳನ್ನೆಲ್ಲ ತನ್ನ ಇಲಾಖೆಗೆ ಸೇರಿಸಿಕೊಂಡಿತು.

ತುಪ್ಪಳದ ವ್ಯಾಪಾರವು ನಡೆದ ಬಗೆಯೂ ಅರಿಯತಕ್ಕದ್ದು. ಮೊದಲ ನೂರು ವರ್ಷ ಕುಂಪಣಿಯ ನೌಕರರು ಬಹುಮಟ್ಟಿಗೆ ಕೊಲ್ಲಿಯ ದಂಡೆಯ ವಖಾರಿಗಳಲ್ಲಿಯೇ ಕುಳಿತಿದ್ದರು. ಕಾಡಿನ ಜನರು ದೋಣಿಗಳಲ್ಲಿ ತೊಗಲುಗಳನ್ನು ಹೇರಿಕೊಂಡು ಅಲ್ಲಿಗೆ ಬರುತ್ತಿದ್ದರು. ಚೆನ್ನಾಗಿ ಹದಗೊಂಡ ಒಂದು ಬೀವರ ತೊಗಲೇ ಅಲ್ಲಿಯ ನಾಣ್ಯ. ಚಾಕು, ಕೊಡಲಿ, ಪಾತ್ರೆ, ಕಂಬಳಿಗಳಿಗೆಲ್ಲ ತೊಗಲಿನ ಲೆಕ್ಕದಲ್ಲಿಯೇ ಬೆಲೆ. ಬಂದೂಕು ಒಂದಕ್ಕೆ ಹತ್ತು ಹನ್ನೆರಡು ತೊಗಲು. ಕಾಡಿನ ಜನರು ದಡ್ಡರೇನೂ ಆಗಿರಲಿಲ್ಲ. ಸರಕಿನ ಗುಣದೋಷಗಳನ್ನು ಬಲ್ಲವರು. ಇಂಗ್ಲಿಷರ ಬೆಲೆ ಸರಿಬರದಿದ್ದರೆ ಫ್ರೆಂಚರ ಕಡೆಗೆ ದೋಣಿಯನ್ನು ತಿರುಗಿಸುತ್ತಿದ್ದರು. ಕೊಳ್ಳುವವರು ಇಬ್ಬರಿರುವ ತನಕ ಮಾರುವವನಿಗೆ ಬಲವಿರುತ್ತದೆ.

ಆ ಬಲವು ಹೋದುದು ಎರಡು ಕಾರಣಗಳಿಂದ. ಮೊದಲನೆಯದು ಸಾಲ. ಚಳಿಗಾಲದ ಬೇಟೆಗೆ ಬೇಕಾದ ಮದ್ದುಗುಂಡುಗಳನ್ನೂ ಬಲೆಬೋನುಗಳನ್ನೂ ಕುಂಪಣಿಯು ಮುಂಗಡವಾಗಿ ಕೊಡುವುದು, ಬೇಟೆಗಾರನು ಮರುವರ್ಷದ ತೊಗಲುಗಳಿಂದ ಅದನ್ನು ತೀರಿಸುವುದು. ಹೀಗೆ ಒಮ್ಮೆ ವಹಿಯಲ್ಲಿ ಹೆಸರು ಏರಿದವನ ಬೇಟೆಯು ಹಿಡಿಯುವುದಕ್ಕೆ ಮೊದಲೇ ಪರರದಾಗುತ್ತಿತ್ತು. ಎರಡನೆಯದು ಏಕಸ್ವಾಮ್ಯ. ಮಾಂಟ್ರಿಯಲ್ಲಿನ ವ್ಯಾಪಾರಿಗಳು 1779ರಲ್ಲಿ ಕಟ್ಟಿದ ನಾರ್ತ್ ವೆಸ್ಟ್ ಕುಂಪಣಿಗೂ ಹಡ್ಸನ್ ಕೊಲ್ಲಿಯ ಕುಂಪಣಿಗೂ ನಡೆದ ಪೈಪೋಟಿಯು 1816ರಲ್ಲಿ ರಕ್ತಪಾತದ ವರೆಗೆ ಹೋಗಿ, 1821ರಲ್ಲಿ ಎರಡೂ ಒಂದಾಗುವುದರಲ್ಲಿ ಮುಗಿಯಿತು. ಅಂದಿನಿಂದ ಒಬ್ಬನೇ ಕೊಳ್ಳುವವನು, ಒಬ್ಬನೇ ಸಾಲ ಕೊಡುವವನು, ಒಬ್ಬನೇ ಒಡೆಯ. ಇದರ ಜೊತೆಗೆ ವ್ಯಾಪಾರದ ದಾರಿಗಳಲ್ಲಿಯೇ ಸಿಡುಬು ಹಬ್ಬಿ ಊರೂರುಗಳನ್ನು ಬರಿದುಮಾಡಿತು. ಬೀವರಗಳೂ ಅನೇಕ ಕಡೆಗೆ ಮುಗಿದುಹೋದವು.

ಕೊನೆಯ ಅಂಕವು ಇನ್ನೂ ವಿಚಿತ್ರವಾದುದು. ಕುಂಪಣಿಯು 1869ರಲ್ಲಿ ಆ ನಾಡನ್ನೆಲ್ಲ ಬಿಟ್ಟುಕೊಡಲು ಒಪ್ಪಿ, 1870ನೆಯ ಜುಲೈ 15ರಂದು ಅದು ಕೆನಡಾ ಸರಕಾರದ ಕೈಸೇರಿತು. ಬೆಲೆಯು 3,00,000 ಪೌಂಡು. ಮೇಲೆ ಫಲವತ್ತಾದ ಸೀಮೆಯ ಇಪ್ಪತ್ತರಲ್ಲೊಂದು ಪಾಲು ಕುಂಪಣಿಗೇ ಉಳಿಯಿತು. ಎರಡು ಕಡವೆಗಳಿಗೆ ಪಡೆದುದನ್ನು ಮೂರು ಲಕ್ಷ ಪೌಂಡಿಗೆ ಮಾರಿದರು; ನೆಲದ ಮೇಲಿನ ಮನುಷ್ಯರನ್ನು ಪಡೆಯುವಾಗಲೂ ಕೇಳಲಿಲ್ಲ, ಮಾರುವಾಗಲೂ ಕೇಳಲಿಲ್ಲ. ರೆಡ್ ನದಿಯ ದಂಡೆಯಲ್ಲಿ ಕಾಡಿನ ಜನರಿಗೂ ಯುರೋಪಿನ ವ್ಯಾಪಾರಿಗಳಿಗೂ ಹುಟ್ಟಿ ಬೇರೊಂದು ಜನಾಂಗವಾಗಿ ಬೆಳೆದಿದ್ದ ಮೇತಿ ಜನರು ಮಾತ್ರ, ನಮ್ಮನ್ನು ಕೇಳದೆ ನಮ್ಮ ನೆಲದ ಕ್ರಯವೇ, ಎಂದು ಎದ್ದು ನಿಂತರು. ಲೂಯಿ ರಿಯೆಲನ ಮುಂದಾಳುತನದಲ್ಲಿ ತಮ್ಮದೇ ಸರಕಾರವನ್ನು ಸ್ಥಾಪಿಸಿದರು. ಆ ಹಟದ ಫಲವಾಗಿಯೇ 1870ರಲ್ಲಿ ಮ್ಯಾನಿಟೋಬಾ ಪ್ರಾಂತವು ಹುಟ್ಟಿತು. ಮುಂದೆ 1885ರಲ್ಲಿ ಮತ್ತೊಮ್ಮೆ ಎದ್ದಾಗ ರಿಯೆಲನನ್ನು ಗಲ್ಲಿಗೇರಿಸಿದರು.

ಇನ್ನು ನಮ್ಮ ಮನೆಗೆ ಬರೋಣ. ಕನ್ನಡ ಕರಾವಳಿಯಲ್ಲಿ ಇಂಗ್ಲಿಷರ ವಖಾರಿಯು ಕಾರವಾರದಲ್ಲಿ 1638ರಲ್ಲಿ ತೆರೆಯಿತು. ತೆರೆದವರು ಈಸ್ಟ್ ಇಂಡಿಯಾ ಕುಂಪಣಿಗೆ ಪ್ರತಿಸ್ಪರ್ಧಿಯಾಗಿದ್ದ ಕೋರ್ಟೀನನ ಮಂಡಳಿಯವರು. ಬಳಿಕ ಅದು ಹಿರಿಯ ಕುಂಪಣಿಯಲ್ಲಿ ಲೀನವಾಯಿತು. ಘಟ್ಟದ ಮೆಣಸು, ಹುಬ್ಬಳ್ಳಿಯ ಸುತ್ತಿನ ನೇಕಾರರ ಬಟ್ಟೆ, ಇವೇ ಅಲ್ಲಿಯ ಮುಖ್ಯ ಸರಕು. ಹುಬ್ಬಳ್ಳಿಯಲ್ಲಿಯೂ ಇಂಗ್ಲಿಷರ ವಖಾರಿಯಿತ್ತು. 1673ರಲ್ಲಿ ಶಿವಾಜಿಯ ಸೈನ್ಯವು ಆ ಊರನ್ನು ಸೂರೆಮಾಡಿದಾಗ ಅದೂ ಸೂರೆಹೋಯಿತು. ಹಡ್ಸನ್ ಕೊಲ್ಲಿಯ ದಂಡೆಯಲ್ಲಿ ತೊಗಲಿಗಾಗಿ ಕಾದು ಕುಳಿತವರಂತೆ ಇಲ್ಲಿಯೂ ಅವರು ಮೆಣಸಿಗಾಗಿ, ಬಟ್ಟೆಗಾಗಿ ಕಾದು ಕುಳಿತ ಅಂಗಡಿಕಾರರೇ ಆಗಿದ್ದರು. ಅಂದು ಅವರನ್ನು ನೋಡಿ, ಇವರ ವಹಿಯಲ್ಲಿ ಮುಂದೆ ನಮ್ಮ ಊರುಗಳೇ ಜಮಾಖರ್ಚಾಗುವವೆಂದು ಸೋದೆಯ ಅರಸನಾಗಲಿ ಬಿದನೂರಿನ ನಾಯಕನಾಗಲಿ ಹೇಗೆ ಊಹಿಸಬೇಕು?

ಆದರೆ ಹಾಗೆಯೇ ಆಯಿತು. ಮತ್ತು ಅಲ್ಲಿಯಂತೆ ಇಲ್ಲಿಯೂ ಸಾಲವೇ ಸಾಧನವಾಯಿತು. ಭೇದವಿಷ್ಟೇ: ಅಲ್ಲಿ ಸಾಲಗಾರನು ಬಡ ಬೇಟೆಗಾರ, ಇಲ್ಲಿ ಸಾಲಗಾರನು ಸಿಂಹಾಸನದ ಮೇಲಿನ ದೊರೆ. ಕುಂಪಣಿಯು ನಿಜಾಮನ ರಕ್ಷಣೆಗೆಂದು ಸೈನ್ಯವನ್ನು ಇಟ್ಟಿತು. ಸೈನ್ಯವು ಕುಂಪಣಿಯದು, ಸಂಬಳವು ನಿಜಾಮನದು. ಆ ಸಂಬಳದ ಸಲುವಾಗಿ, 1792 ಮತ್ತು 1799ರ ಸಂಧಾನಗಳಲ್ಲಿ ಟಿಪ್ಪುವಿನ ರಾಜ್ಯದಿಂದ ತನ್ನ ಪಾಲಿಗೆ ಬಂದಿದ್ದ ಸೀಮೆಗಳನ್ನು ನಿಜಾಮನು 1800ರಲ್ಲಿ ಕುಂಪಣಿಗೆ ಬಿಟ್ಟುಕೊಟ್ಟನು. ಬಳ್ಳಾರಿಯು ಮದ್ರಾಸಿನ ಕೈಸೇರಿದುದು ಹೀಗೆ. ಅಂದರೆ ಕನ್ನಡಿಗರ ಬಳ್ಳಾರಿಯು ಹತ್ತು ವರ್ಷಗಳೊಳಗೆ ಶ್ರೀರಂಗಪಟ್ಟಣದಿಂದ ಹೈದರಾಬಾದಿಗೂ, ಅಲ್ಲಿಂದ ಮದ್ರಾಸಿಗೂ ಸಾಗಿತು. ಬಳ್ಳಾರಿಯ ಒಬ್ಬ ಒಕ್ಕಲಿಗನೂ ಅಲುಗಾಡಿರಲಿಲ್ಲ. ಅವನ ಹೊಲದ ಒಡೆತನದ ಚೀಟಿಯು ಮಾತ್ರ ಮೂರು ದಫ್ತರಗಳನ್ನು ಸುತ್ತಿ ಬಂದಿತ್ತು.

ಮುಂದೆ ಹೈದರಾಬಾದಿನಲ್ಲಿ ವಿಲಿಯಂ ಪಾಮರ್ ಎಂಬವನ ಸಾಹುಕಾರಿ ಕುಂಪಣಿಯು ತಲೆಯೆತ್ತಿತು. ಯುರೋಪಿಯನರು ದೇಶೀಯ ಸಂಸ್ಥಾನಿಕರಿಗೆ ಸಾಲ ಕೊಡಬಾರದೆಂಬ ಕಾಯಿದೆಯಿದ್ದರೂ, ಗವರ್ನರ್ ಜನರಲನ ಕೃಪೆಯಿಂದ 1816ರಲ್ಲಿ ಈ ಅಂಗಡಿಗೆ ವಿನಾಯಿತಿ ದೊರಕಿತು. ಆ ಅಂಗಡಿಯ ಪಾಲುಗಾರನೊಬ್ಬನು ಗವರ್ನರ್ ಜನರಲನ ಸಾಕುಮಗಳ ಗಂಡನಾಗಿದ್ದನೆಂಬುದನ್ನು ಹೇಳಿದರೆ ಕೃಪೆಯ ಮೂಲವು ತಿಳಿದೀತು. ನಿಜಾಮನ ದಿವಾಣವು ನೂರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟ ಬಡ್ಡಿಯಿಂದ ಸಾಲವೆತ್ತಿತು. 1820ರಲ್ಲಿ 60 ಲಕ್ಷ ರೂಪಾಯಿಗಳ ಹೊಸ ಸಾಲವಾಯಿತು. ರೆಸಿಡೆಂಟನಾಗಿ ಬಂದ ಮೆಟ್ಕಾಫನು ಈ ಅನ್ಯಾಯವನ್ನು ಹೊರಗೆಡಹಿದ ಮೇಲೆ ಅಂಗಡಿಯು ಮುಳುಗಿತು. ಆದರೆ ಸಾಲ ಮುಳುಗಲಿಲ್ಲ. ಅದನ್ನು ತೀರಿಸಲು ನಿಜಾಮನು ಉತ್ತರ ಸರಕಾರಗಳ ಸೀಮೆಯಿಂದ ತನಗೆ ವರ್ಷ ವರ್ಷ ಬರುತ್ತಿದ್ದ 7 ಲಕ್ಷ ರೂಪಾಯಿಗಳ ಪೇಶಕಶಿಯ ಹಕ್ಕನ್ನೇ ಕಳೆದುಕೊಂಡನು. ದೊರೆಯು ತೆತ್ತ ಬಡ್ಡಿಯನ್ನು ಕಟ್ಟಕಡೆಗೆ ತೆತ್ತವರು ಯಾರು? ಜೋಳ ಬೆಳೆದವರು, ಹತ್ತಿ ಬಿಡಿಸಿದವರು, ತೆರಿಗೆಯ ಗುತ್ತಿಗೆದಾರನ ಮುಂದೆ ಕೈಕಟ್ಟಿ ನಿಂತವರು.

ಸೈನ್ಯದ ಬಾಕಿಯು ಮತ್ತೆ ಬೆಳೆಯಿತು. 1853ರಲ್ಲಿ ಆ ಬಾಕಿಗಾಗಿ ವರ್ಹಾಡ, ಧಾರಾಶಿವ, ರಾಯಚೂರು ದೋಆಬು ಈ ಮೂರನ್ನೂ ನಿಜಾಮನಿಂದ ಕುಂಪಣಿಯು ಬರೆಯಿಸಿಕೊಂಡಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಕನ್ನಡದ ಮಡಿಲು ಹೀಗೆ ಒತ್ತೆಯ ಸಾಮಾನಾಯಿತು. ಏಳು ವರ್ಷಗಳ ಬಳಿಕ, 1860ರ ಕರಾರಿನಲ್ಲಿ, ಅದೇ ರಾಯಚೂರನ್ನು ನಿಜಾಮನಿಗೆ ಮರಳಿ ಕೊಟ್ಟರು. 50 ಲಕ್ಷ ರೂಪಾಯಿಗಳ ಸಾಲವನ್ನು ಬಿಟ್ಟುಬಿಟ್ಟರು. ಮೇಲೆ ಬಹುಮಾನವಾಗಿ ಸುರಪುರವನ್ನು ಸೇರಿಸಿದರು. 1857ರ ದಂಗೆಯಲ್ಲಿ ನಿಜಾಮನು ಇಂಗ್ಲಿಷರ ಪಕ್ಷದಲ್ಲಿ ನಿಂತುದಕ್ಕೆ ಇದು ಪ್ರತಿಫಲ. ಅಷ್ಟರಲ್ಲಿ, 1858ರಲ್ಲಿ, ಕುಂಪಣಿಯ ಆಳ್ವಿಕೆಯು ಹೋಗಿ ಇಂಗ್ಲೆಂಡಿನ ರಾಣಿಯ ಆಳ್ವಿಕೆಯು ಬಂದಿತ್ತು. ವಹಿಯ ಮೇಲಿನ ಹೆಸರು ಬದಲಾಗಿತ್ತು, ಲೆಕ್ಕದ ಪದ್ಧತಿಯು ಬದಲಾಗಿರಲಿಲ್ಲ.

ಸುರಪುರವೆಂದರೆ ಹಾಗೆ ತಟ್ಟೆಯಲ್ಲಿಟ್ಟು ಕೊಡತಕ್ಕ ಸರಕಾಗಿತ್ತೇ? 1705ರಲ್ಲಿ ವೃದ್ಧನಾದ ಔರಂಗಜೇಬನು ಸ್ವತಃ ದಂಡೆತ್ತಿ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದಾಗ ಬೇಡ ನಾಯಕರು ತಿಂಗಳುಗಟ್ಟಲೆ ಅವನನ್ನು ತಡೆದು ನಿಲ್ಲಿಸಿದರು. ಆ ಬಾದಶಹನ ಕೊನೆಯ ಮುತ್ತಿಗೆಯೇ ಅದು. ಕೋಟೆಯು ಹೋದರೂ ಪಿಡ್ಡ ನಾಯಕನು ಕೈಗೆ ಸಿಕ್ಕಲಿಲ್ಲ. ನಾಯಕರ ಆಳ್ವಿಕೆಯು ಸುರಪುರದಲ್ಲಿ ಮುಂದುವರಿಯಿತು. ಅಂಥ ಸಂಸ್ಥಾನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕುಗ್ಗಿಸಿದುದು ಕತ್ತಿಯಲ್ಲ, ನಜರಾಣೆಯ ಬಾಕಿ. ಪಟ್ಟಕ್ಕೆ ಬಂದಾಗಲೆಲ್ಲ ಹೈದರಾಬಾದಿಗೆ ಸಲ್ಲಬೇಕಾದ ಹಣ, ಅದನ್ನು ವಸೂಲಿ ಮಾಡಲು ರೆಸಿಡೆಂಟನ ಮಧ್ಯಸ್ಥಿಕೆ, ಮಧ್ಯಸ್ಥಿಕೆಯ ಹಿಂದೆ ಅವನ ಅಧಿಕಾರಿ. ಈ ಸರಪಳಿಯ ಕೊನೆಯಲ್ಲಿ 1841ರಲ್ಲಿ ಮೆಡೋಸ್ ಟೇಲರನು ಸುರಪುರಕ್ಕೆ ಬಂದನು. ಬಾಲಕನಾಗಿದ್ದ ವೆಂಕಟಪ್ಪ ನಾಯಕನ ಪರವಾಗಿ 1853ರ ವರೆಗೆ ಆಡಳಿತವನ್ನು ನೋಡಿಕೊಂಡನು. ಪ್ರಾಯಕ್ಕೆ ಬಂದು ಅಧಿಕಾರವನ್ನು ವಹಿಸಿಕೊಂಡ ವೆಂಕಟಪ್ಪ ನಾಯಕನು 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ವಿರುದ್ಧ ಎದ್ದನು. ಹೋರಾಟವು ಬಹು ದಿನ ನಿಲ್ಲಲಿಲ್ಲ. ಸೆರೆಸಿಕ್ಕ ನಾಯಕನಿಗೆ ಮರಣದಂಡನೆಯಾಗಿ, ಅದು ಇಳಿದು ಇಳಿದು ನಾಲ್ಕು ವರ್ಷಗಳ ಸೆರೆವಾಸವಾಯಿತು. ಚೆಂಗಲಪಟ್ಟಿನ ಸೆರೆಗೆ ಒಯ್ಯುವಾಗ ಹಾದಿಯಲ್ಲಿ ಗುಂಡೇಟಿನಿಂದ ಅವನು ಮಡಿದನು. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ವಾದವು ಇಂದಿಗೂ ಮುಗಿದಿಲ್ಲ. ಎರಡು ವರ್ಷಗಳಲ್ಲಿ ಅವನ ನಾಡು ಬಹುಮಾನವಾಯಿತು.

ಸುರಪುರವನ್ನು ಕೊಟ್ಟುದು 1860ರಲ್ಲಿ; ರೂಪರ್ಟನ ನಾಡನ್ನು ಮಾರಿದುದು 1870ರಲ್ಲಿ. ನಡುವಣ ಅಂತರವು ಹತ್ತು ವರ್ಷ. ಮೇತಿ ಜನರ ರಿಯೆಲನನ್ನೂ ಸುರಪುರದ ವೆಂಕಟಪ್ಪನನ್ನೂ ನಾವು ಸರಿಸಮಾನವಾಗಿ ತೂಗುತ್ತಿಲ್ಲ. ಒಬ್ಬನು ಪ್ರಜೆಗಳ ಮುಂದಾಳು, ಇನ್ನೊಬ್ಬನು ಅರಸ. ಆದರೆ ಇಬ್ಬರ ನೆಲವನ್ನೂ ಕುರಿತು ನಡೆದ ವ್ಯವಹಾರವು ಒಂದೇ. ಜನರನ್ನು ಕೇಳದೆ ಜನರ ನಾಡನ್ನು ಕೊಟ್ಟುಕೊಂಡರು.

ಇದು ನಿಜಾಮನ ಸೀಮೆಗೆ ಮಾತ್ರ ಒದಗಿದ ಗತಿಯೆಂದು ಯಾರೂ ಎಣಿಸಬಾರದು. ಉತ್ತರ ಕನ್ನಡವನ್ನು ನೋಡಿರಿ. 1799ರಲ್ಲಿ ಕುಂಪಣಿಯ ಪಾಲಿಗೆ ಬಂದ ಕನ್ನಡ ಕರಾವಳಿಯು ಮದ್ರಾಸಿನ ಆಡಳಿತದಲ್ಲಿ ಒಂದೇ ಜಿಲ್ಲೆಯಾಗಿತ್ತು. ಅಮೇರಿಕೆಯ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆಯು ಬರುವುದು ನಿಂತ ಹೊತ್ತಿನಲ್ಲಿ, ಧಾರವಾಡದ ಹತ್ತಿಯನ್ನು ಸಾಗಿಸಲು ಕಾರವಾರದ ಬಂದರವು ಬೇಕಾಯಿತು. ಹತ್ತಿ ಬೆಳೆಯುವ ಸೀಮೆಯೂ ಬಂದರವೂ ಒಂದೇ ಇಲಾಖೆಯಲ್ಲಿರಬೇಕೆಂದು ವ್ಯಾಪಾರಿಗಳು ಗದ್ದಲವೆಬ್ಬಿಸಿದರು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಹೋಯಿತು, ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಒಂದೇ ನುಡಿ, ಒಂದೇ ಕಡಲು, ಒಂದೇ ಯಕ್ಷಗಾನ. ನಡುವೆ ಹತ್ತಿಯ ಅಂಡಿಗೆಯ ಮೇಲೆ ಎಳೆದ ಗೀಟು.

ಇಲ್ಲಿ ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳುವುದು ನ್ಯಾಯ. ಮೊದಲನೆಯದು: ಕುಂಪಣಿಯವರು ಒಳ್ಳೆಯದನ್ನೂ ಮಾಡಲಿಲ್ಲವೇ? ಟೇಲರನು ಸುರಪುರದಲ್ಲಿ ಕಂದಾಯವನ್ನು ಸುಧಾರಿಸಲಿಲ್ಲವೇ, ಕೆರೆಗಳನ್ನು ಕಟ್ಟಿಸಲಿಲ್ಲವೇ? ಮಾಡಿದನು. ಅವನ ಮನೆಯು ಇಂದಿಗೂ ಟೇಲರ್ ಮಂಜಿಲ್ ಎಂದು ಅಲ್ಲಿ ನಿಂತಿದೆ. ಸಜ್ಜನನಾದ ನೌಕರನನ್ನು ಸಜ್ಜನನೆಂದು ಒಪ್ಪಲು ನಮಗೆ ಸಂಕೋಚವಿಲ್ಲ. ಆದರೆ ಗುಮಾಸ್ತನು ಒಳ್ಳೆಯವನೆಂದ ಮಾತ್ರಕ್ಕೆ ಯಜಮಾನನ ದಸ್ತಾವೇಜು ಸಾಚಾ ಆಗುವುದಿಲ್ಲ. ಹನ್ನೆರಡು ವರ್ಷ ಅವನು ಪಟ್ಟ ಶ್ರಮವನ್ನೂ ಸೇರಿಸಿಯೇ ಸುರಪುರವನ್ನು ಕೊಟ್ಟುಬಿಟ್ಟರಲ್ಲ!

ಎರಡನೆಯದು ಇನ್ನೂ ತೀಕ್ಷ್ಣವಾದುದು: ನಮ್ಮ ಅರಸರೇನು ಕಡಿಮೆ? ಅವರೂ ನಾಡನ್ನು ಗೆದ್ದು, ಉಂಬಳಿ ಕೊಟ್ಟು, ಒತ್ತೆಯಿಡಲಿಲ್ಲವೇ? ನಿಜ. ಪೇಶ್ವೆಯಾಗಲಿ ನಿಜಾಮನಾಗಲಿ ನಾಯಕನಾಗಲಿ ಒಕ್ಕಲಿಗನನ್ನು ಕೇಳಿ ಮೇರೆಯನ್ನು ಹಾಕಿದವರಲ್ಲ. ಆದುದರಿಂದಲೇ ಹಿಂದಿನ ಅರಸರ ಗಡಿಗಳನ್ನು ಮರಳಿ ತರಬೇಕೆಂದು ಏಕೀಕರಣದ ಹಿರಿಯರು ಎಂದೂ ಕೇಳಲಿಲ್ಲ. ಗತವೈಭವವನ್ನು ಹಾಡಿದವರೂ ಕೇಳಿದುದು ಬೇರೊಂದನ್ನು: ನುಡಿಯಿಂದ ಒಂದಾದ ಜನರು ತಮ್ಮ ಇಚ್ಛೆಯಿಂದ ಒಂದು ಪ್ರಾಂತವಾಗಲಿ ಎಂದು. ಡೆಪ್ಯುಟಿ ಚನ್ನಬಸಪ್ಪನವರು ಶಾಲೆಗಳಲ್ಲಿ ಕನ್ನಡವನ್ನು ಉಳಿಸಿದಂದಿನಿಂದ, 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿದಂದಿನಿಂದ, ಆಲೂರ ವೆಂಕಟರಾಯರು ಲೇಖಣಿ ಹಿಡಿದಂದಿನಿಂದ ಈ ನಾಡಿಗೆ ಹೊಸದೊಂದು ವಹಿಯು ತೆರೆಯಿತು. ಅದರಲ್ಲಿ ನೆಲವು ಸರಕಲ್ಲ, ಜನರು ಸಾಲಗಾರರಲ್ಲ. ನಿಜಾಮನ ಸೀಮೆಯಲ್ಲಿ ಆಡಳಿತದ ನುಡಿಯು ಉರ್ದುವಾಗಿದ್ದ ದಿನಗಳಲ್ಲಿ ಕನ್ನಡ ಶಾಲೆಗಾಗಿ ಹೆಣಗಿದವರೂ, 1948ರ ಸೆಪ್ಟೆಂಬರಿನ ವರೆಗೆ ರಜಾಕಾರರ ಹಾವಳಿಯನ್ನು ಸಹಿಸಿ ನಿಂತವರೂ ಆ ವಹಿಯಲ್ಲಿಯೇ ತಮ್ಮ ಹೆಸರನ್ನು ಬರೆಯಿಸಿದರು. 1956ನೆಯ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರಗಳು ಧಾರವಾಡ, ಮೈಸೂರು, ಮಂಗಳೂರುಗಳೊಡನೆ ಒಂದಾದಾಗ ಆ ಕಟ್ಟೆಯ ಹಿರಿಯರ ಪ್ರಶ್ನೆಗೆ ಮೊದಲ ಉತ್ತರವು ದೊರೆಯಿತು. ಕಾಸರಗೋಡು ಹೊರಗೆ ಉಳಿದುದರಿಂದ ಆ ಉತ್ತರವು ಪೂರ್ಣವಾಗಲಿಲ್ಲವೆಂಬುದನ್ನೂ ಮರೆಯಲಾಗದು.

ಆದರೆ ಕನ್ನಡ ಬಾಂಧವರೇ, ಮೇರೆಯು ಅಳಿದ ಮಾತ್ರಕ್ಕೆ ವಹಿಯು ಅಳಿಯುವುದೇ? ಹೊರಗಿನ ಕುಂಪಣಿಯು ಹೋಯಿತು. ಹಡ್ಸನ್ ಕೊಲ್ಲಿಯ ಕುಂಪಣಿಯೂ 355 ವರ್ಷ ಬಾಳಿ, ಕೊನೆಗೆ ಬಟ್ಟೆಬರೆಗಳ ಅಂಗಡಿಯಾಗಿ ಉಳಿದು, 2025ರಲ್ಲಿ ದಿವಾಳಿಯ ಅಂಚಿಗೆ ಬಂದು ತನ್ನ ಅಂಗಡಿಗಳನ್ನೆಲ್ಲ ಮುಚ್ಚಿತು. ಕುಂಪಣಿಯು ಸತ್ತಿತು, ಆದರೆ ಅದು ಮಾರಿದ ನೆಲದ ಮೂಲನಿವಾಸಿಗಳು ತಮ್ಮ ಹಕ್ಕುಗಳಿಗಾಗಿ ಇಂದಿಗೂ ನ್ಯಾಯಾಲಯಗಳ ಮೆಟ್ಟಿಲೇರುತ್ತಿದ್ದಾರೆ. ವ್ಯಾಪಾರದ ಆಯುಷ್ಯಕ್ಕಿಂತ ವ್ಯಾಪಾರವು ಮಾಡಿದ ಗಾಯದ ಆಯುಷ್ಯವು ದೊಡ್ಡದು.

ನಮ್ಮಲ್ಲಿಯೂ ಆ ಗಾಯವು ಮಾಯ್ದಿಲ್ಲ. ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯು ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಏಕೀಕರಣವಾಗಿ 46 ವರ್ಷಗಳ ಮೇಲಿನ ಲೆಕ್ಕವಿದು. ಬಳಿಕ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಎಂಬ ವಿಧಿಯು ಬಂದಿತು. 2019ರಲ್ಲಿ ಹೈದರಾಬಾದ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಹೆಸರು ಬಂದುದು ಸಂತೋಷವೇ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ದುಡಿಯುವ ಮೈಗಳು ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳಿಗೂ ಮುಂಬಯಿ, ಪುಣೆ, ಹೈದರಾಬಾದುಗಳಿಗೂ ಸಾಗುವುದು ನಿಂತಿಲ್ಲ. ಹತ್ತಿ ಬೆಳೆಯುವವನು ಬೀಜಗೊಬ್ಬರಕ್ಕೆಂದು ಅಡತಿ ಅಂಗಡಿಯಲ್ಲಿ ಉದ್ರಿ ಬರೆಯಿಸಿ, ಕಾಯಿ ಒಡೆಯುವ ಮೊದಲೇ ಬೆಳೆಯನ್ನು ಆ ಅಂಗಡಿಗೇ ಮೀಸಲಿಡುವುದೂ ನಿಂತಿಲ್ಲ. ಹಡ್ಸನ್ ಕೊಲ್ಲಿಯ ಬೇಟೆಗಾರನ ಕಥೆಯನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದುದು ದೂರದ ಜನರ ವಿಷಯದಲ್ಲಿ ಮರುಕಪಡಲೆಂದಲ್ಲ; ನಮ್ಮ ಹತ್ತಿಯ ಹೊಲದಲ್ಲಿ ಅದೇ ವಹಿಯು ಬಿಚ್ಚಿಕೊಂಡಿರುವುದನ್ನು ಗುರುತಿಸಲೆಂದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುವೆವು. ಏಕೀಕರಣವೆಂದರೆ ಭೂಪಟದ ಬಣ್ಣವನ್ನು ಒಂದು ಮಾಡುವುದಷ್ಟೇ ಅಲ್ಲ. ರಾಜಧಾನಿಯು ವಖಾರಿಯಂತೆ ಕುಳಿತು, ಅಂಚಿನ ಸೀಮೆಗಳಿಂದ ಬೆಳೆಯನ್ನೂ ದುಡಿಮೆಯನ್ನೂ ಬರಮಾಡಿಕೊಂಡು, ವರ್ಷಕ್ಕೊಮ್ಮೆ ಉತ್ಸವದ ದಿನ ಕಂಬಳಿ ಹಂಚಿದರೆ ಅದು ಏಕೀಕರಣವಾಗದು. ಪರಕೀಯ ಕುಂಪಣಿಯ ಜಾಗದಲ್ಲಿ ಸ್ವಕೀಯ ಕುಂಪಣಿ ಬಂದಂತಾದೀತು ಅಷ್ಟೇ.

ಮಾಡತಕ್ಕ ಕಾರ್ಯಗಳು ಅಸಾಧ್ಯವಾದವುಗಳಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಹಣದ ಜಮಾಖರ್ಚನ್ನು ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ತಿಳಿಗನ್ನಡದಲ್ಲಿ ಓದಿ ಹೇಳಬೇಕು. ಇಷ್ಟು ದಿನ ನಮ್ಮ ಲೆಕ್ಕವನ್ನು ಪರರು ಬರೆದರು. ಇನ್ನು ಮೇಲಾದರೂ ನಮ್ಮ ಲೆಕ್ಕವನ್ನು ನಾವು ಕೇಳೋಣ. ಒಕ್ಕಲಿಗರು ಸಹಕಾರಿ ಸಂಘಗಳನ್ನು ಬಲಪಡಿಸಿ ಬೀಜದ ಸಾಲವನ್ನೂ ಅರಳೆಯ ಮಾರಾಟವನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳಬೇಕು. ಕೊಳ್ಳುವವನು ಒಬ್ಬನೇ ಆದ ದಿನ ಬೇಟೆಗಾರನ ಬಲವು ಹೋಯಿತೆಂಬುದು ನೆನಪಿರಲಿ. ಮತ್ತು ನಮ್ಮ ಮಕ್ಕಳು 1800, 1853, 1860, 1862ರ ಈ ಕೊಟ್ಟುಕೊಳ್ಳುವಿಕೆಗಳನ್ನು ಶಾಲೆಯಲ್ಲಿ ಕಲಿಯಬೇಕು. ಫಾರಸಿ, ಉರ್ದು, ಇಂಗ್ಲಿಷ್ ದಫ್ತರಗಳಲ್ಲಿರುವ ಸುರಪುರದ ಕಾಗದಪತ್ರಗಳು ಕನ್ನಡಕ್ಕೆ ಬರಬೇಕು. ತನ್ನ ನಾಡನ್ನು ಯಾವ ಬೆಲೆಗೆ ಮಾರಿದರೆಂದು ಅರಿಯದವನು ಅದರ ಬೆಲೆಯನ್ನೂ ಅರಿಯನು.

ಕೊಂಕಲ್‌ದ ಆ ಹಿರಿಯರಿಗೆ ಅಂದು ನಾವು ಕೊಟ್ಟ ಉತ್ತರವು ತಡವರಿಸಿತ್ತು. ಇಂದು ಹೀಗೆ ಹೇಳುವೆವು: ಅದು ಅವರಪ್ಪನ ಹೊಲವಾಗಿರಲಿಲ್ಲ, ಅಜ್ಜಾ. ಅದು ನಿಮ್ಮ ಹೊಲ. ನಿಮ್ಮನ್ನು ಕೇಳದೆ ಕೊಟ್ಟುದನ್ನು ನಿಮ್ಮ ಒಪ್ಪಿಗೆಯಿಂದ ಮರಳಿ ಪಡೆದೆವು. ಪಡೆದುದನ್ನು ನಿಮ್ಮ ಮೊಮ್ಮಕ್ಕಳು ಗುಳೆ ಹೋಗದೆ ಉಣ್ಣುವಂತೆ ಮಾಡುವುದು ಇಡಿಯ ಕನ್ನಡ ನಾಡಿನ ಮೇಲಿರುವ ಸಾಲ. ಈ ಒಂದು ಸಾಲವನ್ನು ಮಾತ್ರ ವಹಿಯಿಂದ ಹೊಡೆದುಹಾಕಲಾಗದು, ತೀರಿಸಲೇಬೇಕು.